ಏಳು ಸಲ ಸೇವ್

ಸೂಪರಿಂಟೆಂಡೆಂಟ್ ಸಾಹೇಬರಿಗೆ ಒಂದು ಚಟವಿತ್ತು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಯಾವ ರೋಗಿಯ ದಾಖಲೆ ತೆರೆದರೂ, ಸುಮ್ಮನೆ ಇಣುಕಿ ನೋಡಿದ್ದಾದರೂ, ‘ಸೇವ್’ ಒತ್ತದೆ ಮುಚ್ಚುತ್ತಿರಲಿಲ್ಲ. ಇದನ್ನು ಅವರು ಜವಾಬ್ದಾರಿ ಎಂದು ಕರೆಯುತ್ತಿದ್ದರು.

ಈಗ ಅವರಿಗೊಬ್ಬ ಅಪರಾಧಿ ಬೇಕಾಗಿತ್ತು. ಮೂರನೇ ವಾರ್ಡಿನ ಡ್ರಾಯಿಂಗ್ ಮೇಷ್ಟ್ರಿಗೆ ಪೆನಿಸಿಲಿನ್ ಚುಚ್ಚಿದ್ದೇ ತಡ, ಮುಖ ಊದಿ, ಉಸಿರು ಕಟ್ಟಿ, ಹೇಗೋ ಬದುಕಿಕೊಂಡಿದ್ದರು. ‘ಪೆನಿಸಿಲಿನ್ ಆಗುವುದಿಲ್ಲ’ ಎಂಬ ಸಾಲು ಅವರ ದಾಖಲೆಯಲ್ಲೇ ಇರಲಿಲ್ಲ. ಊರಾಚೆಯ ಶಾಖೆಯ ನರ್ಸು ತಾನು ಬರೆದಿದ್ದೆ ಎನ್ನುತ್ತಿದ್ದಳು. ದಾಖಲೆಯಲ್ಲಿ ಅವಳ ಹೆಸರಿನ ಸುಳಿವೇ ಇರಲಿಲ್ಲ.

ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದವನಿಗೆ ಆ ನರ್ಸು ಹೆಂಡತಿಯ ತಂಗಿ. ನಾಲ್ಕು ದಿನದಿಂದ ಮನೆಯಲ್ಲಿ ಊಟದ ತಟ್ಟೆಯನ್ನು ಅವನ ಮುಂದೆ ಇಡುತ್ತಿರಲಿಲ್ಲ, ಕುಕ್ಕುತ್ತಿದ್ದರು.

“ಭಾವ, ನನ್ನ ಕೆಲಸ ಹೋಗುತ್ತೆ. ಬರೆದಿದ್ದೆ, ನನ್ನಾಣೆ. ನಿಮ್ಮ ಯಂತ್ರಾನೇ ನುಂಗಿದೆ.”

“ಯಂತ್ರ ಏನೂ ನುಂಗಲ್ಲ,” ಎಂದು ಅವನು ಧಿಮಾಕಿನಿಂದ ಹೇಳಿದ್ದ. ಆಮೇಲೆ ಹೆಂಡತಿಯ ಮುಖ ನೋಡಿ, ಹೋಗಿ ಹುಡುಕಿದ.

ಯಂತ್ರ ನುಂಗಿರಲಿಲ್ಲ, ಅಟ್ಟಕ್ಕೆ ಹಾಕಿತ್ತು. ಪ್ರತಿ ದಾಖಲೆಯ ಒಂದು ಪ್ರತಿ ದೊಡ್ಡಾಸ್ಪತ್ರೆಯಲ್ಲಿ, ಇನ್ನೊಂದು ಶಾಖೆಯಲ್ಲಿ. ಎರಡೂ ಒಂದನ್ನೊಂದು ನೋಡಿ ಬರೆದುಕೊಳ್ಳುತ್ತವೆ. ಹೋದ ತಿಂಗಳು ನಡುವಿನ ಸಂಪರ್ಕ ಮೂರು ದಿನ ಕಡಿದಿತ್ತು. ಆಗ ನರ್ಸು ತನ್ನ ಪ್ರತಿಯಲ್ಲಿ ಆ ಸಾಲು ಬರೆದು ಒಂದು ಸಲ ಸೇವ್ ಒತ್ತಿದ್ದಳು. ಇತ್ತ ಇನ್ಯಾರೋ ಹಳೆಯ ಪ್ರತಿಯನ್ನು ಏಳು ಸಲ ಸೇವ್ ಮಾಡಿದ್ದರು. ಸಂಪರ್ಕ ಬಂದಾಗ ಎರಡು ಪ್ರತಿ ಎದುರುಬದುರಾದವು. ಯಂತ್ರಕ್ಕೆ ಸರಿ ತಪ್ಪು ಗೊತ್ತಿಲ್ಲ. ಹೆಚ್ಚು ಸಲ ಸೇವ್ ಆದದ್ದನ್ನು ಗೆಲ್ಲಿಸಿ, ಸೋತದ್ದನ್ನು ಕಣ್ಣಿಗೆ ಬೀಳದಂತೆ ಎತ್ತಿಟ್ಟಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಹಾಗೆ. ಎರಡು ವರ್ಷದಿಂದ ಆ ಅಟ್ಟದತ್ತ ತಲೆಹಾಕದ ತಪ್ಪು ಮಾತ್ರ ಕಂಪ್ಯೂಟರ್ ವಿಭಾಗದ ಭಾವನದೇ. ಅದಕ್ಕೆ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ವಿಚಾರಣೆ. ಸಾಹೇಬರು ಅಮಾನತಿನ ಆದೇಶಕ್ಕೆ ಆಗಲೇ ಸಹಿ ಹಾಕಿ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ನರ್ಸು ಗೋಡೆಯ ಪಕ್ಕ ನಿಂತಿದ್ದಳು. ಅವಳಿಗೆ ಕುರ್ಚಿ ಹಾಕಿರಲಿಲ್ಲ.

“ಯಂತ್ರ ಸುಳ್ಳು ಹೇಳಲ್ಲ,” ಎಂದರು ಸಾಹೇಬರು. “ಯಾರ ಹೆಸರು ಬರುತ್ತೋ ತುಂಬಿ. ಮುಖ ಮುಲಾಜು ನೋಡ್ಬೇಡಿ.”

ಭಾವ, ಆ ಮೂರು ದಿನ ಯಾರು ಎಷ್ಟು ಸಲ ಸೇವ್ ಒತ್ತಿದ್ದರೆಂದು ಯಂತ್ರ ಕೊಟ್ಟ ಪಟ್ಟಿಯ ಹಾಳೆಯನ್ನು ಮೇಜಿನ ಮೇಲಿಟ್ಟ. ನರ್ಸಿನ ಹೆಸರು ಒಂದು ಸಲ, ಆ ಸಾಲಿನ ಜೊತೆ. ಅದರ ಕೆಳಗೆ ಸಾಹೇಬರ ಹೆಸರು, ಏಳು ಸಲ.

“ತುಂಬ್ಲಾ ಸರ್?”

ಸಾಹೇಬರು ಕನ್ನಡಕ ಒರೆಸಿದರು. ಒರೆಸಿದ ಮೇಲೂ ಹೆಸರು ಅದೇ ಇತ್ತು.

“ಯಂತ್ರ ಅಂದ್ಮೇಲೆ ತಪ್ಪಾಗೋದು ಸಹಜ,” ಎಂದರು.

“ಈಗ ತಾನೇ ಸುಳ್ಳು ಹೇಳಲ್ಲ ಅಂದ್ರಿ,” ಎಂದಳು ನರ್ಸು.

“ನಾನು ಏನನ್ನೂ ಬದಲಾಯಿಸೇ ಇಲ್ಲಮ್ಮ! ಬರೀ ನೋಡಿದ್ದು.” ಅದನ್ನು ರುಜುವಾತು ಮಾಡಲು ಅವರು ಮೇಷ್ಟ್ರ ದಾಖಲೆ ತೆರೆದು, ಮೇಲಿಂದ ಕೆಳಗಿನವರೆಗೆ ತೋರಿಸಿದರು. “ನೋಡಿ, ಹೀಗೆ ನೋಡಿದೆ, ಹೀಗೆ ಮುಚ್ಚಿದೆ.” ಬೆರಳು ತಾನಾಗಿ ಸೇವ್ ಕಡೆ ಹೋಯಿತು.

ನರ್ಸು ಗೋಡೆ ಬಿಟ್ಟು ಬಂದು ಅವರ ಕೈಯಿಂದ ಮೌಸ್ ಕಿತ್ತುಕೊಂಡಳು. ತೆರೆ ನೋಡಿದವಳ ಮುಖ ಕೆಂಪಾಯಿತು.

“ಆ ಸಾಲು ಇನ್ನೂ ಇಲ್ಲ! ನಾಲ್ಕು ದಿನದಿಂದ ಯಾರು ಯಾರು ಅಂತ ಹುಡುಕ್ತಾ ಇದ್ದೀರಿ, ಮೇಷ್ಟ್ರು ಇನ್ನೂ ಅದೇ ವಾರ್ಡಲ್ಲಿ ಮಲಗಿದಾರೆ. ನೀವೂ ಅಷ್ಟೇ ಭಾವ!”

ಅವಳು ನಿಂತೇ ಟೈಪ್ ಮಾಡಿದಳು, ಪೆನಿಸಿಲಿನ್ ಆಗುವುದಿಲ್ಲ. ಒಂದು ಸಲ ಸೇವ್ ಒತ್ತಿದಳು. ಹೆಸರಿನ ಜಾಗ ಖಾಲಿಯಿದ್ದ ಆದೇಶವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

“ಇದು ನನ್ನ ಹತ್ರಾನೇ ಇರ್ಲಿ ಸರ್. ಸಹಿ ಹೇಗೂ ಆಗಿದೆ,” ಎಂದು ಹೇಳಿ, ಮೇಷ್ಟ್ರನ್ನು ನೋಡಲು ಮೂರನೇ ವಾರ್ಡಿಗೆ ಹೋದಳು.