ಧಣಿಯ ಕೈ ನಡುಗುವುದಿಲ್ಲ

"ಸೋಲಲಿಕ್ಕೆ ಹೆದರುವ ಜಾತಿ ನಿಮ್ಮದು. ಅದಕ್ಕೇ ಸಾಯುವವರೆಗೆ ಬೀಜದ ಸಿಪ್ಪೆ ತೆಗೆಯುವುದು" ಎಂದು ಅಶ್ವಿತ್ ಧಣಿ ನಗುತ್ತಲೇ ಹೇಳಿದ. ಬಾಯಲ್ಲಿ ಗೋಳಿಬಜೆ ಇತ್ತು.

ನಮ್ಮ ನಾಲ್ಕು ಲಕ್ಷ ಹೋಗಿತ್ತು. ಪುತ್ತಿಗೆಯ ಅವನ ಗೇರುಬೀಜದ ಫ್ಯಾಕ್ಟರಿಯಲ್ಲಿ ನಾವು ನಲವತ್ತೆರಡು ಹೆಂಗಸರು. ಕಾಯಿಲೆಯ ಖರ್ಚಿಗೆಂದು ವಾರಕ್ಕೆ ಐವತ್ತು ರೂಪಾಯಿ ನಮ್ಮ ಸಂಬಳದಲ್ಲಿ ಹಿಡಿಯುತ್ತಿದ್ದರು. ಐದು ವರ್ಷದಲ್ಲಿ ಐದು ಲಕ್ಷ ಆಗಿತ್ತು. ಅದರಲ್ಲಿ ನಾಲ್ಕನ್ನು ಧಣಿ ಫೋನಿನಲ್ಲೇ ಶೇರಿಗೆ ಹಾಕಿ ಕಳೆದಿದ್ದ. "ಹೋಯ್ತು" ಎಂದ. ಕರೆಂಟು ಹೋಯಿತು ಎನ್ನುವ ಹಾಗೆ.

ನಾನು ಗಂಡ ಮುಂಡಪ್ಪನನ್ನು ಕರೆದುಕೊಂಡು ಆ ದುಡ್ಡು ಕೇಳಲು ಆಫೀಸಿಗೆ ಹೋಗಿದ್ದು ಅವನ ಕೈಗಾಗಿ. ಇದೇ ಫ್ಯಾಕ್ಟರಿಯಲ್ಲಿ ಬೀಜ ಬೇಯಿಸುವ ಬಾಯ್ಲರಿನ ಆವಿ ಬಡಿದು ಅವನ ಬಲಗೈ ಮೊಣಕೈವರೆಗೆ ಬೆಂದಿತ್ತು. ಆಪರೇಷನ್ ಆಗದಿದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು.

"ಬಿಚ್ಚಿ ತೋರಿಸಿ ಮುಂಡಪ್ಪಣ್ಣ" ಎಂದ ಧಣಿ. ಎಲ್ಲರನ್ನೂ ಅಕ್ಕ, ಅಣ್ಣ ಎಂದೇ ಕರೆಯುವವನು ಅವನು. ಮಕ್ಕಳ ಹೆಸರೂ ಅವನಿಗೆ ನೆನಪಿರುತ್ತದೆ.

ಮುಂಡಪ್ಪ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಬದಿಯಲ್ಲಿ ನಿಂತಿದ್ದ ಮ್ಯಾನೇಜರು ಮುಖ ತಿರುಗಿಸಿದ. ಧಣಿ ಬಗ್ಗಿ ನೋಡಿದ, ಪೆನ್ನಿನ ತುದಿಯಿಂದ ಮೆಲ್ಲ ಒತ್ತಿಯೂ ನೋಡಿದ.

"ನೋವುಂಟಾ?"

"ಉಂಟು ಧಣಿ."

"ಎಷ್ಟು?"

ತಮಾಷೆಗೆ ಕೇಳಿದ್ದಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇನ್ನೊಂದು ಗೋಳಿಬಜೆ ಚಟ್ನಿಗೆ ಅದ್ದಿ, "ಉಳಿದ ಒಂದು ಲಕ್ಷ ನಾಳೆ ಒಂಬತ್ತೂಕಾಲಿಗೆ ಮಾರ್ಕೆಟ್ ತೆರೆದ ಕೂಡಲೇ ಹಾಕ್ತೇನೆ. ಬಂದ್ರೆ ಎಲ್ಲ ಬಂತು" ಎಂದ.

"ಬಾರದಿದ್ರೆ?"

"ಬಾರದಿದ್ರೆ ಇಲ್ಲ."

ಚಹಾದ ಹೊತ್ತಿಗೆ ನಮ್ಮಲ್ಲಿ ಹಿರಿಯವಳಾದ ಖದೀಜ ಉಗಿದಳು. "ಬೇವರ್ಸಿ! ಎಂತ ಗುಂಡಿಗೆ ಮಾರಾಯ್ತಿ ಅವನದ್ದು! ನನ್ನ ಐವತ್ತು ರೂಪಾಯಿ ಬಸ್ಸಲ್ಲಿ ಬಿದ್ರೆ ಎರಡು ದಿನ ಅನ್ನ ಇಳಿಯುವುದಿಲ್ಲ ನಂಗೆ."

ತೂಕ ಬರೆಯುವ ಸಾತ್ವಿಕಾ ಡಿಗ್ರಿಯಲ್ಲಿ ಮನಃಶಾಸ್ತ್ರ ಓದಿದವಳು. "ಗುಂಡಿಗೆ ಅಲ್ಲ ಖದೀಜಕ್ಕ. ಕೆಲವರು ಹಾಗೇ ಇರ್ತಾರಂತೆ. ಹೆದರಿಕೆ ಆಗುವುದಿಲ್ಲ, ಸೋತ್ರೂ ಕೈ ನಡುಗುವುದಿಲ್ಲ, ಇನ್ನೊಬ್ಬರ ನೋವು ತಾಗುವುದೇ ಇಲ್ಲ. ಮಾತು ಮಾತ್ರ ಬೆಣ್ಣೆ."

"ಓಹೋ, ತಾಗುವುದಿಲ್ವಾ!" ಖದೀಜ ಲೋಟ ಕೆಳಗಿಟ್ಟಳು. "ಇಷ್ಟು ದಿನ ಸೋತದ್ದು ನಮ್ಮ ದುಡ್ಡಲ್ಲಿ. ನಾಳೆ ಅವನದ್ದರಲ್ಲಿ ಸೋಲಿಸಿ ನೋಡುವ."

ಮರುದಿನ ಒಂಬತ್ತು ಗಂಟೆಗೆ ಬಂದರಿಗೆ ಹೋಗುವ ಲಾರಿ ಬರುವುದಿತ್ತು. ಗೋಡೌನಿನಲ್ಲಿ ಸೀಲು ಹಾಕಿದ ಬೀಜದ ಡಬ್ಬಗಳು ಸಾಲಾಗಿದ್ದವು. ಎಲ್ಲ ಒಂದನೇ ನಂಬರಿನ ಬಿಳಿ ಬೀಜ. ಎಂಟೂವರೆಗೆ ನಾವು ನಲವತ್ತೆರಡು ಜನ ಹೋಗಿ ಒಬ್ಬೊಬ್ಬರು ಒಂದೊಂದು ಡಬ್ಬದ ಮೇಲೆ ಕೂತೆವು. ಮುಂಡಪ್ಪನೂ ಬಂದು ಬಾಗಿಲಿಗೆ ಅಡ್ಡ ನಿಂತ.

ಧಣಿ ಬಂದ. ಹುಬ್ಬು ಕೂಡ ಏರಲಿಲ್ಲ.

"ಎಂತ ಸರಸಕ್ಕ, ಇವತ್ತು ಪಿಕ್ನಿಕ್ಕಾ?"

"ನಮ್ಮ ಐದು ಲಕ್ಷ ಕೊಡಿ, ಏಳ್ತೇವೆ" ಎಂದೆ. ನನ್ನ ಸ್ವರ ನನಗೇ ಕೇಳದಷ್ಟು ಸಣ್ಣಗಿತ್ತು.

"ಕೊಡದಿದ್ರೆ?"

ಖದೀಜ ತಾನು ಕೂತ ಡಬ್ಬದಿಂದ ಎದ್ದು, ಸಿಪ್ಪೆ ತೆಗೆಯುವ ಚೂರಿಯಿಂದ ಅದರ ಸೀಲು ಎಬ್ಬಿಸಿದಳು. ಸೀಲು ಒಡೆದ ಡಬ್ಬ ಹಡಗು ಹತ್ತುವುದಿಲ್ಲ. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಮುಚ್ಚಳ ಬಿದ್ದು ಇಡೀ ಗೋಡೌನಿಗೆ ಕೇಳಿಸಿತು. "ಮಾರ್ಕೆಟ್ ತೆರೆಯಿತು ಧಣಿ" ಎಂದು ಒಂದು ಬೀಜ ಬಾಯಿಗೆ ಹಾಕಿಕೊಂಡಳು.

ಆಮೇಲೆ ಡಬ್ಬ ಕೈಯಿಂದ ಕೈಗೆ ಬಂತು. ಇಪ್ಪತ್ತು ವರ್ಷ ಈ ಬೀಜ ಮುಟ್ಟಿದವಳು ನಾನು. ಸಂಜೆ ಗೇಟಿನಲ್ಲಿ ಸೆರಗು ಕೊಡವಿಸಿ, ಬಾಯಿ ತೆರೆಸಿ ನೋಡಿಯೇ ಮನೆಗೆ ಬಿಡುತ್ತಿದ್ದರು. ಇಡೀ ಬೀಜ ಹಲ್ಲಿನಡಿ ಮುರಿದದ್ದು ಅದೇ ಮೊದಲು. ಎಷ್ಟು ಸಿಹಿ ಇರುತ್ತದೆ ಅದು! ಯಾರೋ ಕಿಸಕ್ಕೆಂದು ನಕ್ಕರು. ಮತ್ತೆ ಎಲ್ಲರಿಗೂ ನಗು ಹಿಡಿಯಿತು.

"ಪೊಲೀಸ್ ಕರೀಲಾ ಸರ್?" ಎಂದ ಮ್ಯಾನೇಜರು.

"ಕರೀರಿ" ಎಂದಳು ಸಾತ್ವಿಕಾ. "ಕಾಯಿಲೆಯ ದುಡ್ಡು ಶೇರಿಗೆ ಹಾಕಿದ್ದನ್ನೂ ಬರೆಸುವ."

ಎರಡನೇ ಡಬ್ಬ ಒಡೆಯಿತು. ಮೂರನೆಯದೂ. ಧಣಿ ಕೈಕಟ್ಟಿ ನಿಂತು, ಮುಂಡಪ್ಪನ ಗಾಯ ನೋಡಿದ ಅದೇ ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದ. ಇವನಿಗೆ ತನ್ನ ನಷ್ಟವೂ ತಾಗುವುದಿಲ್ಲವೋ ಏನೋ! ಹೊರಗೆ ಲಾರಿ ಹಾರ್ನ್ ಹೊಡೆಯಿತು. ಧಣಿ ಡಬ್ಬಗಳನ್ನು ಲೆಕ್ಕ ಹಾಕಿದ, ಗಡಿಯಾರ ನೋಡಿದ, ಫೋನು ತೆಗೆದು ಬೆರಳಾಡಿಸಿದ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಟಿಣ್ ಎಂದಿತು. ಒಂದು ಲಕ್ಷ ಬಂದಿತ್ತು.

"ಆಯ್ತಲ್ಲ ಸರಸಕ್ಕ? ಏಳಿ ಈಗ" ಎಂದ, ಅದೇ ನಗುವಿನಲ್ಲಿ.

ನಾನು ಮುಂಡಪ್ಪನಿಗೆ ಫೋನು ತೋರಿಸಿದೆ. ಅವನು ಓದಿ ಬಾಗಿಲಲ್ಲೇ ಕೂತುಬಿಟ್ಟ. ಆಪರೇಷನ್ನಿಗೆ ಅಷ್ಟು ಸಾಕಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದರೆ ಅವರೂ ಏಳುತ್ತಿದ್ದರು. ನನ್ನನ್ನು ಯಾರೂ ದೂರುತ್ತಿರಲಿಲ್ಲ.

"ನಾಲ್ಕು ಬಾಕಿ ಉಂಟಲ್ಲ ಧಣಿ" ಎಂದೆ.

"ಇನ್ನೆಂತ? ನಿಮ್ಮದು ಬಂತಲ್ಲ" ಎಂದ ಅವನು. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಲಾರಿಯವನು ಹಾರ್ನಿನಿಂದ ಕೈಯನ್ನೇ ತೆಗೆಯಲಿಲ್ಲ. ನಾನು ಖದೀಜಳ ಕೈಯಿಂದ ಚೂರಿ ತೆಗೆದುಕೊಂಡು, ನಾನು ಕೂತಿದ್ದ ಡಬ್ಬದ ಸೀಲಿನಡಿ ತೂರಿಸಿದೆ.