ಅಪ್ಪನನ್ನು ಕೂರಿಸುವುದು

ಸಿದ್ದಲಿಂಗಯ್ಯ ಬೆಳಿಗ್ಗೆ ಕಾಫಿ ಕೇಳಿದ್ದರು. ಮಗಳು ವನಜಾ ಲೋಟ ಹಿಡಿದು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದಂತೆಯೇ ಹೋಗಿಬಿಟ್ಟಿದ್ದರು. ಮಗ ಲೋಕೇಶ ಲಾರಿಯಲ್ಲಿ ಗುಜರಾತಿಗೆ ಲೋಡು ಹಾಕಿಕೊಂಡು ಹೋಗಿದ್ದ. ಲಾರಿಯನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದರೂ ಬರುವುದು ಮಾರನೆಯ ದಿನವೇ ಎಂದು ಗೊತ್ತಾದ ಮೇಲೆ ಚಿಕ್ಕಪ್ಪ ನಿಂಗಪ್ಪ, ಹೆಣ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುವ ಬೈರಪ್ಪನಿಗೆ ಫೋನ್ ಮಾಡಿ ಅದನ್ನು ತರಿಸಿದ.

ಟೆಂಪೋದಿಂದ ಪೆಟ್ಟಿಗೆ ಇಳಿಯುವುದನ್ನು ವನಜಾ ಹೊಸ್ತಿಲಲ್ಲಿ ನಿಂತು ನೋಡಿದಳು. ಅದರ ಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದ ಬೂದು ಬಣ್ಣದ ಡಬ್ಬಿ ಅವಳೇ ಮಾಡಿದ್ದು.

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅವಳು ಪ್ಯಾನಲ್ ಬೋರ್ಡುಗಳಿಗೆ ವೈರಿಂಗ್ ಮಾಡುತ್ತಾಳೆ. ಕೆಲಸ ಮಾಡುತ್ತಲೇ ಸಂಜೆ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದವಳು. ಕಳೆದ ವರ್ಷ ಹಿಂದಿನ ಬೀದಿಯ ಮುತ್ತಣ್ಣ ತೀರಿಕೊಂಡಾಗ ಬೈರಪ್ಪನ ಇದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಇವರ ಪೈಕಿಯಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಿಸಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಇಳಿಸುತ್ತಾರೆ. ಪೆಟ್ಟಿಗೆಯಿಂದ ತೆಗೆದಾಗ ಮುತ್ತಣ್ಣ ಯಾವ ಕಡೆಗೂ ಬಗ್ಗಲಿಲ್ಲ. ಹಲಗೆಗೆ ಕಟ್ಟಿ ಒಯ್ದರು.

ಅವತ್ತು ಅಪ್ಪ ಊಟದ ತಟ್ಟೆಯ ಮುಂದೆ ಕೂತು ಹೇಳಿದ್ದರು: "ನೋಡಿದ್ಯೇನವ್ವ? ಆ ಪೆಟ್ಗೆ ಮನುಷ್ಯನ್ನ ಕಲ್ಲು ಮಾಡ್ಬಿಡ್ತದೆ. ನೀನು ಓದಿದ್ದೀಯಲ್ಲ, ಅದ್ಕೊಂದು ದಾರಿ ಮಾಡು. ನನ್ನ ಮಾತ್ರ ಕೂರ್ಸಿ ಕಳಿಸ್ರಿ."

ಅದಕ್ಕೇ ಅವಳು ಡಬ್ಬಿ ಮಾಡಿದಳು. ಒಳಗೆ ಒಂದು ಸಣ್ಣ ಡೇಟಾ ಲಾಗರ್. ಸೆನ್ಸರ್ ಹೇಳುವ ಉಷ್ಣಾಂಶವನ್ನು ಅದು ಓದಿ ದಾಖಲಿಸಿಕೊಳ್ಳುತ್ತದೆ. ಉಷ್ಣಾಂಶ ಆರು ಡಿಗ್ರಿ ದಾಟಿದರೆ ರಿಲೇ ಎಂಬ ಸ್ವಿಚ್ಚು ಮುಚ್ಚಿ ಕಂಪ್ರೆಸರ್ ಓಡುತ್ತದೆ. ಮೂರಕ್ಕೆ ಇಳಿದರೆ ರಿಲೇ ಬಿಟ್ಟುಕೊಂಡು ಕಂಪ್ರೆಸರ್ ನಿಲ್ಲುತ್ತದೆ. ದೇಹ ಕೆಡಲೂಬಾರದು, ಹೆಪ್ಪುಗಟ್ಟಲೂಬಾರದು. ಸೆನ್ಸರನ್ನು ಒಳಗೆ, ದೇಹದ ಪಕ್ಕದಲ್ಲೇ ಇಡಬೇಕೆಂದಿದ್ದಳು. ಬೈರಪ್ಪ ಒಪ್ಪಲಿಲ್ಲ.

"ವೈರ್ ಕಾಣ್ಬಾರ್ದು ಕಣಮ್ಮ. ಹೆಣದ ಪಕ್ಕ ವೈರ್ ನೋಡಿದ್ರೆ ಜನ ಏನಂತಾರೆ? ಬೈರಪ್ಪ ಕರೆಂಟ್ ಕೊಟ್ಟು ಎಬ್ಬಿಸ್ತಾವ್ನೆ ಅಂತಾರೆ."

ಕೊನೆಗೆ ತಲೆಯ ಕಡೆ, ಗಾಜು ಕೂರುವ ಅಲ್ಯೂಮಿನಿಯಂ ಚೌಕಟ್ಟಿನ ಒಳಗೆ ಸಿಕ್ಕಿಸಿದ್ದಳು. ನೀರು ತುಂಬಿದ ಕ್ಯಾನುಗಳನ್ನು ಸಾಲಾಗಿ ಮಲಗಿಸಿ ಶೆಡ್ಡಿನಲ್ಲಿ ಪರೀಕ್ಷೆ ಮಾಡಿದ್ದಳು. ಸರಿಯಾಗಿತ್ತು. ಆದರೂ ಏನಾದರೂ ಬಿಟ್ಟಿದ್ದೇನೆಯೇ ಎಂದು ಮತ್ತೊಮ್ಮೆ ಮಾಡಿದ್ದಳು. ಆಗಲೂ ಸರಿಯಾಗಿತ್ತು.

ಅಪ್ಪನನ್ನು ಒಳಗೆ ಮಲಗಿಸಿದರು. ಪಕ್ಕದ ಮನೆಯ ಮುನಿಯಕ್ಕ ತಲೆಯ ಕಡೆ ಸ್ಟೂಲು ಹಾಕಿ ದೀಪ ಹಚ್ಚಿಟ್ಟಳು. ಬಾಗಿಲಿನಿಂದ ಗಾಳಿ ನುಗ್ಗಿ ಎರಡು ಸಲ ಆರಿತು. ಅವಳು ಮನೆಗೆ ಹೋಗಿ ಎಣ್ಣೆಯ ತಗಡಿನ ಡಬ್ಬಿಯೊಂದನ್ನು ಸೀಳಿ ತಂದು, ದೀಪದ ಸುತ್ತ ಮರೆಯಾಗಿ ನಿಲ್ಲಿಸಿ, ಪೆಟ್ಟಿಗೆಗೆ ಒತ್ತಿಟ್ಟಳು.

"ಇನ್ನು ಆರಲ್ಲ. ಎಣ್ಣೆ ಮುಗೀದಂಗೆ ನೋಡ್ಕೊ ಮಗ. ಮಗಳು ಮಾಡೋ ಕೆಲ್ಸ ಇದೊಂದೇಯ."

ವನಜಾ ತಲೆಯ ಬಳಿಯೇ ಕೂತಳು. ಎಣ್ಣೆ ಹಾಕಿದಳು. ಬತ್ತಿ ಮುಂದಕ್ಕೆ ತಳ್ಳಿದಳು. ಬಂದವರು ಅತ್ತರು, ಗಾಜು ಎತ್ತಿಸಿ ಮುಖ ಮುಟ್ಟಿದರು, ಎದೆಯಿಂದ ಪಾದದವರೆಗೆ ಹಾರ ಹಾಕಿದರು. ಬೂದು ಡಬ್ಬಿಯ ಮೇಲಿನ ಅಂಕಿ ಮೊದಲು ಎಂಟು ಇತ್ತು, ಆಮೇಲೆ ಒಂಬತ್ತಾಯಿತು. ಕಂಪ್ರೆಸರ್ ನಿಲ್ಲಲೇ ಇಲ್ಲ.

ಪದೇ ಪದೇ ಗಾಜು ಎತ್ತುತ್ತಿದ್ದಾರೆ, ಅದಕ್ಕೇ ಇಳಿಯುತ್ತಿಲ್ಲ ಎಂದುಕೊಂಡಳು. ಗ್ಯಾಸ್ ಕಡಿಮೆಯಾಗಿರಬಹುದೇ? ತಾನೇ ವೈರು ಎಲ್ಲಾದರೂ ತಪ್ಪಾಗಿ ಕೊಟ್ಟಿರಬಹುದೇ? ಹೂವಿನ ವಾಸನೆಯ ಅಡಿಯಲ್ಲಿ ಬೇರೇನೋ ವಾಸನೆ ಬಂದಂತಾಯಿತು. ಮೂಗು ಹತ್ತಿರ ತಂದರೆ ಏನೂ ಇರಲಿಲ್ಲ.

"ಚಿಕ್ಕಪ್ಪ, ಗಾಜು ಎತ್ತೋದು ಸ್ವಲ್ಪ ಕಮ್ಮಿ ಮಾಡ್ಸಿ. ಒಳಗೆ ತಣ್ಣಗಾಗ್ತಿಲ್ಲ."

"ಏನಮ್ಮ, ಜನ ನಿನ್ ಮಿಷಿನ್ನ ಕೇಳ್ಕೊಂಡು ಅಳ್ಬೇಕಾ?" ಎಂದ ನಿಂಗಪ್ಪ. ಅಳುತ್ತಿದ್ದವರಲ್ಲೇ ಒಬ್ಬರು ಸಣ್ಣಗೆ ನಕ್ಕರು. ಅವಳು ಬತ್ತಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು.

ಸಂಜೆ ಒಮ್ಮೆ ಗಾಜಿನ ಮೇಲೆ ಕೈಯಿಟ್ಟಾಗ ಅಂಗೈ ಚುರುಗುಟ್ಟುವಷ್ಟು ತಣ್ಣಗಿತ್ತು. ಒಂಬತ್ತು ಡಿಗ್ರಿ ಇಷ್ಟು ತಣ್ಣಗಿರುತ್ತದೆಯೇ? ಸ್ವಿಚ್ಚು ತೆಗೆದು ಸ್ವಲ್ಪ ಹೊತ್ತು ನೋಡೋಣವೆನಿಸಿತು. ಆದರೆ ಕೈಯ ಅಂದಾಜು ನಂಬಬೇಡಿ, ಮೀಟರು ನಂಬಿ ಎಂದು ಸಂಜೆ ಕ್ಲಾಸಿನ ಮೇಷ್ಟ್ರು ಮತ್ತೆ ಮತ್ತೆ ಹೇಳುತ್ತಿದ್ದರು. ಸ್ವಿಚ್ಚು ತೆಗೆದು ಅಪ್ಪನ ದೇಹ ಕೆಟ್ಟರೆ? ಕೈ ಹಿಂದಕ್ಕೆ ತೆಗೆದುಕೊಂಡಳು. ದೀಪಕ್ಕೆ ಎಣ್ಣೆ ಹಾಕಿದಳು.

ಮಾರನೆಯ ದಿನ ಬಿಸಿಲೇರಿದ ಮೇಲೆ ಲೋಕೇಶ ಬಂದ. ಹೆಗಲ ಬ್ಯಾಗನ್ನೂ ಇಳಿಸದೆ ಬಗ್ಗಿ, ಹಾರಗಳನ್ನು ಸರಿಸಿ ಅಪ್ಪನ ಪಾದ ಹಿಡಿದವನು ತಟಕ್ಕನೆ ಕೈ ಬಿಟ್ಟ.

"ಏನೇ ವನಿ ಇದು? ಬಂಡೆ ಮುಟ್ದಂಗೈತೆ."

ನಿಂಗಪ್ಪ ಮೊಣಕಾಲು ಒತ್ತಿ ನೋಡಿದ. ಪಂಚೆಯ ಕೆಳಗೆ ಬಿಳಿಯ ಹಿಮ ಪುಡಿಪುಡಿಯಾಗಿ ಕೂತಿತ್ತು. ಡಬ್ಬಿಯ ಮೇಲೆ ಆಗಲೂ ಒಂಬತ್ತೇ ಇತ್ತು.

ವನಜಾ ಸೆನ್ಸರ್ ಹುಡುಕಿ ಚೌಕಟ್ಟಿಗೆ ಬೆರಳು ತಾಗಿಸಿದಳು. ಚೌಕಟ್ಟಿನ ಹೊರಮೈ ಬೆಚ್ಚಗಿತ್ತು. ಅವಳು ತಗಡಿನ ಮರೆಯನ್ನೂ ದೀಪವನ್ನೂ ನೋಡಿದಳು. ಎರಡನ್ನೂ ಎತ್ತಿ ದೂರ ಇಟ್ಟಳು. ಅಂಕಿ ಏಳಕ್ಕೆ ಬಂತು. ನಾಲ್ಕಕ್ಕೆ ಬಂತು. ಸೊನ್ನೆ ದಾಟಿ ಕೆಳಗಿಳಿಯುತ್ತಲೇ ಹೋಯಿತು. ಕಂಪ್ರೆಸರ್ ನಿಂತಿತು. ಪೆಟ್ಟಿಗೆ ಬಂದಾಗಿನಿಂದ ಅದು ನಿಂತದ್ದು ಇದೇ ಮೊದಲ ಸಲ ಎಂದುಕೊಂಡಳು. ಆದರೆ ಲಾಗರ್ ದಾಖಲಿಸಿದ್ದ ಉಷ್ಣಾಂಶದ ಗೆರೆಯನ್ನು ಫೋನಿನಲ್ಲಿ ತೆಗೆದು ನೋಡಿದರೆ ಅದು ಮೊದಲ ಸಲವಾಗಿರಲಿಲ್ಲ. ಬೆಳಗಿನ ಜಾವ ಅವಳಿಗೆ ಜೊಂಪು ಹತ್ತಿ ಬತ್ತಿ ಸಣ್ಣಗಾದಾಗ ಗೆರೆ ಇಳಿದಿತ್ತು. ರಿಲೇ ತನ್ನ ಕೆಲಸ ಮಾಡಿ ಕಂಪ್ರೆಸರನ್ನು ನಿಲ್ಲಿಸಿತ್ತು. ಅವಳು ಎದ್ದು ಗಾಬರಿಯಿಂದ ದೀಪಕ್ಕೆ ಎಣ್ಣೆ ತುಂಬಿಸಿದ್ದಳು. ಗೆರೆ ಮತ್ತೆ ಏರಿತ್ತು.

"ಅಣ್ಣ, ದೀಪದ ಬಿಸಿ ಸೆನ್ಸರ್‌ಗೆ ತಾಗಿದೆ. ಒಳಗೆ ಬಿಸಿ ಇದೆ ಅನ್ಕೊಂಡು ಅದು ಓಡ್ತಾನೇ ಇತ್ತು. ಅಲ್ಲಿ ಇಟ್ಟೋಳು ನಾನೇ. ದೀಪ ನೋಡ್ಕೊಂಡೋಳೂ ನಾನೇ."

"ಅದೆಲ್ಲ ಆಮೇಲೆ. ಈಗೇನ್ ಮಾಡೋದು ಹೇಳು."

ನಿಂಗಪ್ಪ ಅಂಗಿಯ ತೋಳು ಮಡಚಿದ. "ಏನ್ ಮಾಡೋದು? ಇಬ್ರು ಸೊಂಟ ಹಿಡ್ಕೊಳ್ಳಿ, ಇಬ್ರು ಕಾಲು. ಒಂದೇ ಸಲಕ್ಕೆ ಒತ್ತಿದ್ರೆ ಬಗ್ತದೆ."

"ಮುಟ್ಬೇಡಿ!" ವನಜಾಳ ಧ್ವನಿ ಅವಳಿಗೇ ಹೊಸದಾಗಿತ್ತು. "ಬಗ್ಗಲ್ಲ ಚಿಕ್ಕಪ್ಪ, ಮುರೀತದೆ. ಮುತ್ತಣ್ಣನ ಮನೇಲಿ ನೀವೇ ಹಿಡ್ಕೊಂಡಿದ್ರಲ್ಲ, ಸದ್ದು ಕೇಳಿಸ್ಲಿಲ್ವಾ?"

ನಿಂಗಪ್ಪ ಮುಖ ತಿರುಗಿಸಿದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು, ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಮಾತ್ರ ಮೆಲ್ಲಗೆ ಹೇಳಿದರು.

ಅಂಗಳದಲ್ಲಿ ಮಂಚ ಹಾಕಿ ಅಪ್ಪನನ್ನು ಮಲಗಿಸಿದರು. ಅಲ್ಲಿಯವರೆಗೆ ಒಳಗೆ ಕೂತಿದ್ದ ಅಮ್ಮ ಎದ್ದು ಹಿತ್ತಲಿನ ಒಲೆಗೆ ಸೌದೆ ತುಂಬಿ ಹಂಡೆ ಇಟ್ಟಳು. ಬಿಸಿನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ವನಜಾ ಒಂದೊಂದೇ ಕೀಲಿಗೆ ಸುತ್ತಿದಳು. ತಣ್ಣಗಾದದ್ದನ್ನು ತೆಗೆದು ಇನ್ನೊಂದು ಸುತ್ತಿದಳು. ಲೋಕೇಶ ಕೊಡ ಹೊತ್ತ. ಮೊದಲು ಬೆರಳುಗಳು ಬಿಟ್ಟವು. ಅಯ್ನೋರು ಲಿಂಗವಿಡಬೇಕಾದ ಎಡ ಅಂಗೈ ತೆರೆದು ನೋಡಿ, ಆಗುತ್ತದೆ ಎಂಬಂತೆ ತಲೆಯಾಡಿಸಿದರು. ಬಿಸಿಲು ಅಂಗಳ ಬಿಟ್ಟು ಎದುರಿನ ಶೆಡ್ಡಿನ ಶೀಟಿನ ಮೇಲೆ ಹೋದಾಗ ಸೊಂಟ ಸಡಿಲಾಯಿತು. ಇನ್ನಷ್ಟು ಹೊತ್ತಾದ ಮೇಲೆ ಬಲ ಮೊಣಕಾಲು ಮೆಲ್ಲಗೆ, ನಿದ್ದೆಯಲ್ಲಿ ಮಡಿಸಿಕೊಂಡ ಹಾಗೆ, ಬಾಗಿತು.

ಎಡಗಾಲು ಪೆಟ್ಟಿಗೆಯೊಳಗೆ ಕೂಲಿಂಗ್ ಪೈಪಿನ ಪಕ್ಕಕ್ಕೆ ಇತ್ತು. ಅದು ಬಿಡಲಿಲ್ಲ. ಇನ್ನೂ ಬಿಸಿಯ ನೀರು ಹಾಕೋಣವೆಂದ ಲೋಕೇಶ. ಚರ್ಮ ಸುಲಿಯುತ್ತದೆ ಎಂದಳು. ಸುಲಿಯುತ್ತದೆಯೋ ಇಲ್ಲವೋ ಅವಳಿಗೂ ಖಚಿತವಿರಲಿಲ್ಲ. ಇನ್ನೊಂದು ಸಲ ತಪ್ಪಾಗುವುದು ಬೇಡವಾಗಿತ್ತು. ಬಟ್ಟೆ ಬದಲಿಸುತ್ತಲೇ ಇದ್ದಳು. ಅವಳ ಬೆರಳ ತುದಿಗಳು ಸುಕ್ಕಾಗಿ ಬೆಳ್ಳಗಾಗಿದ್ದವು.

"ಹೊತ್ತಾಯ್ತು," ಎಂದರು ಅಯ್ನೋರು.

"ಇಷ್ಟೇ ಅಣ್ಣ," ಎಂದಳು ವನಜಾ. "ಇದು ಬಗ್ಗಲ್ಲ."

"ಅಂಗೆ ಒಂದ್ ಕಾಲ್ ಚಾಚ್ಕೊಂಡಿದ್ರೆ ಇಳ್ಸೋದೆಂಗೆ?" ನಿಂಗಪ್ಪ ಕೇಳಿದ. "ಗೂಡು ಸಾಲಲ್ಲ. ಮಲಗ್ಸಿಬಿಡಿ ಅತ್ಲಾಗೆ."

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ಕೂರ್ಸಿ ಅಂದಿದ್ರು," ಎಂದಳು. "ಗೂಡು ದೊಡ್ಡದು ಮಾಡಿ."

ಅವರ ಪೈಕಿಯವರನ್ನು ಮಣ್ಣು ಮಾಡುವ ಜಾಗ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನ ಹಿಂದೆ, ಎರಡು ಕಾಂಪೌಂಡುಗಳ ನಡುವೆ ಉಳಿದ ಉದ್ದನೆಯ ಪಟ್ಟಿ. ಗುಂಡಿಯನ್ನು ಬೆಳಿಗ್ಗೆಯೇ ಜೆಸಿಬಿಯಲ್ಲಿ ತೋಡಿಸಿದ್ದರು. ಜೆಸಿಬಿ ವಾಪಸ್ ಹೋಗಿತ್ತು. ಲೋಕೇಶ ಅಂಗಿ ಬಿಚ್ಚಿ ಹಾರೆ ಹಿಡಿದು ಒಳಗಿಳಿದ. ಮಣ್ಣಿನೊಳಗೆಲ್ಲ ಹಳೆಯ ಕಟ್ಟಡದ ಕಾಂಕ್ರೀಟು. ಹಾರೆ ಬಿದ್ದಲ್ಲೆಲ್ಲ ಕಿಡಿ ಹಾರಿತು.

ಮೇಲೆ ನಾಲ್ವರು, ಅಪ್ಪನನ್ನು ಕೂರಿಸಿ ಹೊತ್ತು ತಂದ ವಿಮಾನದ ಬಿದಿರು ಹಿಡಿದು ನಿಂತಿದ್ದರು. ಅದರೊಳಗೆ ಅಪ್ಪ ವಿಭೂತಿ ಧರಿಸಿ ಕೂತಿದ್ದರು, ಕೈಯಲ್ಲಿ ಲಿಂಗ, ಬಲಗಾಲು ಮಡಿಸಿ. ಎಡಗಾಲು ಮುಂದಕ್ಕೆ ನೆಟ್ಟಗೆ ಚಾಚಿತ್ತು. ಅದು ಯಾರಿಗೂ ತಗುಲದಂತೆ ವನಜಾ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಿಡಿದಷ್ಟೂ ಹೊತ್ತು ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಲು ಒಳಗೆ ಗಟ್ಟಿಯಾಗಿಯೇ ಇತ್ತು.

"ಸಾಕಾ ನೋಡೇ," ಗುಂಡಿಯಿಂದ ಲೋಕೇಶ ಏದುಸಿರಿನಲ್ಲಿ ಕೇಳಿದ.

ಅವಳು ಒಂದು ಕೈ ಬಿಡಿಸಿ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಗೇಣು ಹಾಕಿದಳು. ಬಗ್ಗಿ ಗೂಡಿನ ಆಳ ನೋಡಿದಳು. ನಂಬಿಕೆ ಬರದೆ ಮತ್ತೊಮ್ಮೆ ಗೇಣು ಹಾಕಿದಳು.

"ಸಾಲಲ್ಲ ಅಣ್ಣ. ಇನ್ನೊಂದು ಗೇಣು ಬೇಕು."

ಲೋಕೇಶ ಮತ್ತೆ ಹಾರೆ ಎತ್ತಿದ.