ಕೀ ತಿರುಗಿಸುವ ಮುಂಚಿನ ಸಾಲು

ಕಾರಿನ ವಿಮೆಯ ಬಗ್ಗೆ ಕಥೆ ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ವಕೀಲರೋ ಏಜೆಂಟರೋ ಹೇಳಬೇಕಾದದ್ದನ್ನು ನನ್ನಂಥ, ಸಂಜೆ ಕಾಲೇಜಿನಲ್ಲಿ ಓದಿದವರು ಹೇಳಹೊರಟರೆ ಎಲ್ಲೋ ಒಂದು ಕಡೆ ಎಡವುವುದು ಖಂಡಿತ. ಆದರೂ ಆ ಬೆಳಿಗ್ಗೆ ನಡೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಲು ಆಗುತ್ತಿಲ್ಲ.

ರಾತ್ರಿಯ ಮಳೆಗೆ ರಸ್ತೆಯ ನೀರೆಲ್ಲ ಕಟ್ಟಡದ ನೆಲಮಾಳಿಗೆಗೆ ನುಗ್ಗಿತ್ತು. ಪಂಪು ಹಾಕಿ ನೀರು ಇಳಿಸಿದ ಮೇಲೆ ನೋಡಿದರೆ, ಅಲ್ಲಿ ವಾಸವಿದ್ದ ಅಕ್ಕ ತಂಗಿಯರಲ್ಲಿ ಅಕ್ಕನ ಕಾರು ಬಾನೆಟ್ಟಿನವರೆಗೂ ಮುಳುಗಿ, ಕೆರೆಯಿಂದ ಎದ್ದುಬಂದ ಎಮ್ಮೆಯ ಹಾಗೆ ನಿಂತಿತ್ತು. ಅಕ್ಕ ಈಜು ಕಲಿಸುವವಳು. ಊರಿನ ಒಂದೊಂದು ಮೂಲೆಗೆ ಒಂದೊಂದು ಕೊಳ. ಕಾರು ಹೋದರೆ ಅವಳ ಅರ್ಧ ಕೆಲಸವೂ ಹೋದಂತೆಯೇ.

“ಊರಿಗೆಲ್ಲ ಈಜು ಕಲಿಸ್ತೀಯ, ಕಾರಿಗೂ ನಾಲ್ಕು ಪಾಠ ಹೇಳ್ಕೊಡೋದಲ್ವಾ?” ಎಂದ ಅವಳ ಗಂಡ, ಅಂದರೆ ತಂಗಿಯ ಭಾವ.

ಅಕ್ಕ ನಗಲಿಲ್ಲ. ಪಾಲಿಸಿಯನ್ನು ತಂಗಿಯ ಮಡಿಲಿಗೆ ಹಾಕಿ, “ನೀರಿಗೆಲ್ಲ ಕೊಡ್ತಾರಾ ನೋಡೇ, ನನಗೆ ಕಣ್ಣು ಕತ್ತಲೆ ಬರ್ತಿದೆ” ಎಂದಳು.

ತಂಗಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನೂ ಬಿಡದೆ ಓದುವವಳು, ಓದಿದ ಮೇಲೂ ಸರಿಯಾಗಿ ಓದಿದೆನೋ ಇಲ್ಲವೋ ಎಂದು ಒದ್ದಾಡುವವಳು. ಭಾವ ಅವಳಿಗೆ ಇಟ್ಟ ಹೆಸರು ‘ಸಣ್ಣಕ್ಷರ’. ಅವನಿಗೆ ಮಿಕ್ಸಿ ರಿಪೇರಿಯ ಅಂಗಡಿ. ನೀರು ಬಿದ್ದ ಮಿಕ್ಸಿ ಯಾವುದೇ ಬರಲಿ, ಅವನದು ಒಂದೇ ಚಿಕಿತ್ಸೆ: ಒರೆಸು, ಸ್ವಿಚ್ ಹಾಕು. “ಓಡಿಸಿದ್ರೆ ತಾನಾಗೇ ಒಣಗತ್ತೆ” ಎನ್ನುತ್ತಿದ್ದ. ಎಷ್ಟೋ ಸಲ ಒಣಗಿಯೂ ಇತ್ತು.

“ಅಕ್ಕಾ! ಪ್ರವಾಹದ ನೀರಿಂದಾದ ಹಾನಿಗೆ ಕೊಡ್ತಾರಂತೆ! ಇಲ್ಲೇ ಇದೆ!”

ಅಕ್ಕ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಆದರೆ ಆ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ನಕ್ಷತ್ರವಿತ್ತು. ತಂಗಿಯ ಸಂತೋಷ ಅಲ್ಲಿಗೇ ನಿಂತಿತು. ಹಾಳೆ ಮೇಲೆ ಹಾಳೆ ತಿರುವಿದಳು. ಕೊನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ನಡುವೆ, ಅದೇ ನಕ್ಷತ್ರ: ‘ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಲು ಯತ್ನಿಸಿದ್ದರಿಂದ ಅದಕ್ಕೆ ಆಗುವ ಹಾನಿಗೆ ಕಂಪನಿ ಹೊಣೆಯಲ್ಲ.’

ಬೆರಳಿಟ್ಟು ಇನ್ನೊಮ್ಮೆ ಓದಿದಳು. ಮುಳುಗಿದ್ದಕ್ಕೆ ಕೊಡುತ್ತಾರೆ. ಮುಳುಗಿದ ಮೇಲೆ ಕೀ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ ಕೊಡುವುದಿಲ್ಲ.

“ಭಾವ ಎಲ್ಲಿ?”

“ಕೀ ತಗೊಂಡು ಕೆಳಗೆ ಹೋದ್ರಲ್ಲೇ, ಈಗ ತಾನೇ...”

ಫೋನು ಮಾಡಿದರೆ ಅದು ಟಿವಿಯ ಪಕ್ಕದಲ್ಲೇ ಹಾಡತೊಡಗಿತು. ಲಿಫ್ಟು ಕೆಟ್ಟಿತ್ತು. ಪಾಲಿಸಿಯನ್ನು ಕಂಕುಳಲ್ಲಿ ಒತ್ತಿಕೊಂಡು ತಂಗಿ ಮೆಟ್ಟಿಲಿಳಿದು ಓಡಿದಳು. ತಪ್ಪು ತಿಳಿದುಕೊಂಡಿದ್ದರೆ? ಭಾವ ಇದನ್ನೇ ಹೇಳಿಕೊಂಡು ಜೀವನವಿಡೀ ಆಡಿಕೊಳ್ಳುತ್ತಾನೆ! ತಲೆ ಹಿಂಜರಿಯುತ್ತಿತ್ತು, ಕಾಲು ಓಡುತ್ತಲೇ ಇತ್ತು.

ನೆಲಮಾಳಿಗೆಯಲ್ಲಿ ಭಾವ ಆಗಲೇ ಸೀಟಿನಲ್ಲಿ ಕೂತು ಕೀ ತೂರಿಸಿದ್ದ. ಕೂಗೋಣವೆಂದರೆ ಅವಳಿಗೆ ಉಸಿರೇ ಇಲ್ಲ. ಕೆಸರಿನಲ್ಲಿ ಜಾರಿಕೊಂಡೇ ಹೋಗಿ, ತೆರೆದ ಬಾಗಿಲಿನಿಂದ ಅವನ ಮೇಲೆಯೇ ಬಿದ್ದು, ಕೀ ಕಿತ್ತುಕೊಂಡಳು.

“ಅಯ್ಯೋ ಮಾರಾಯ್ತಿ! ಹುಚ್ಚೇನೇ ನಿನಗೆ?”

“ಓದಿ... ಭಾವ... ಇದನ್ನ...”

“ಕನ್ನಡಕ ಮೇಲಿದೆ. ನೀನೇ ಓದು.”

ಏದುಸಿರು ಬಿಡುತ್ತ ಓದಿದಳು. ಭಾವ ಮೆಲ್ಲಗೆ ಕೇಳಿದ: “ಮಿಕ್ಸಿಗೂ ಹೀಗೇನಾ?”

ಹಾನಿ ಅಂದಾಜು ಮಾಡಲು ವಿಮಾ ಕಂಪನಿಯಿಂದ ಮಧ್ಯಾಹ್ನ ಬಂದ ಸರ್ವೇಯರ್ ಕೇಳಿದ ಮೊದಲ ಪ್ರಶ್ನೆಯೇ, “ಸ್ಟಾರ್ಟ್ ಮಾಡೋಕೆ ನೋಡಿದ್ರಾ?”

“ಛೆ ಛೆ! ಅಷ್ಟೂ ಗೊತ್ತಾಗಲ್ವಾ ಸಾರ್ ನಮಗೆ?” ಎಂದ ಭಾವ, ಎದೆ ಸೆಟೆಸಿ. ಅಕ್ಕ ತಂಗಿಯರಿಬ್ಬರೂ ಕಂಬದ ಹಿಂದೆ ಹೋಗಿ ಬಾಯಿ ಮುಚ್ಚಿಕೊಂಡು ನಕ್ಕರು.

ಕಾರು ಎಳೆಸಿಕೊಂಡು ಗ್ಯಾರೇಜಿಗೆ ಹೋಯಿತು. ಎಂಜಿನ್ ಬಿಚ್ಚಿದರೆ ಒಳಗೆ ನಿಜಕ್ಕೂ ನೀರಿತ್ತು, ಆದರೆ ಏನೂ ಬಗ್ಗಿರಲಿಲ್ಲ, ಮುರಿದಿರಲಿಲ್ಲ. ಕಂಪನಿ ಒಪ್ಪಿತು. ಕಾರು ವಾಪಸ್ಸು ಬಂದ ದಿನ ಅಕ್ಕ ಬೀದಿಯ ಕೊನೆಯವರೆಗೂ ಹಾರ್ನ್ ಬಾರಿಸುತ್ತಲೇ ಕೊಳಕ್ಕೆ ಹೊರಟಳು.

ಅವತ್ತು ಕೀ ತಿರುಗಿಸಿದ್ದರೆ ಎಂಜಿನ್ ಹೋಗುತ್ತಿತ್ತೇ? “ಹೋಗಿರ್ತಿತ್ತು, ಅದೃಷ್ಟ ಇದ್ರೆ ಉಳೀತಿತ್ತೇನೋ” ಎಂದ ಮೆಕ್ಯಾನಿಕ್. ಓಡುತ್ತಿತ್ತು, ಓಡಿ ಒಣಗುತ್ತಲೂ ಇತ್ತು ಎಂದು ಭಾವ ಈಗಲೂ ವಾದಿಸುತ್ತಾನೆ. ತಂಗಿಗೆ ಅದು ಗೊತ್ತಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.